ಹೂಕೋಸಿಗೆ ತೊಡಿಸಿದ ಅಂಗಿ

ಹತ್ತು ತುಂಡು ಹೂಕೋಸನ್ನು ಒಂದು ಮಗುವಿನ ಹೊಟ್ಟೆಗೆ ಇಳಿಸುವುದು ಯಾವ ಮಹಾ ಕೆಲಸ? ನಾಲ್ಕು ಮಕ್ಕಳನ್ನು ಉಣಿಸಿ ಬೆಳೆಸಿದವಳು ನಾನು! ಮೊಮ್ಮಗಳು ಗುಬ್ಬಿ ತರಕಾರಿ ಕಂಡರೆ ಬಾಯಿಗೆ ಬೀಗ ಹಾಕುತ್ತಾಳೆಂದು ಸೊಸೆ ಗೋಳಾಡಿದಾಗ ಪಂಥ ಕಟ್ಟಿಯೇಬಿಟ್ಟೆ.

"ಹತ್ತೂ ತುಂಡು ತಿಂದ್ರೆ ಅಡುಗೆಮನೆ ಮತ್ತೆ ನನ್ನದು!"

"ತಿನ್ನದಿದ್ರೆ?"

"ನಾನು ಒಲೆ ಹತ್ರ ಸುಳಿದ್ರೆ ಕೇಳು!"

ನನಗೆ ಓದು ಅಷ್ಟಕ್ಕಷ್ಟೇ. ಸೊಸೆ ಫೋನು ನೋಡಿ ಮಾಡುವ ವಿಧಾನ ಓದಿದಳು, ನಾನು ಬಾಯಿಪಾಠ ಮಾಡಿಕೊಂಡೆ. ಹೂಕೋಸನ್ನು ಅರೆಬೇಯಿಸಬೇಕು, ಬಟ್ಟೆಯಲ್ಲಿ ಒರೆಸಬೇಕು, ಕಲಸಿದ ಮೈದಾದಲ್ಲಿ ಅದ್ದಬೇಕು, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯಬೇಕು.

"ಒರೆಸೋದ್ಯಾಕೆ? ಸತ್ವವೆಲ್ಲ ಆ ನೀರಲ್ಲೇ ಇರೋದು! ಪುಷ್ಟಿ ಬರಬೇಕಾದ್ದು ಮಗೂಗಾ, ಬಟ್ಟೆಗಾ?"

"ಒದ್ದೆ ಇದ್ರೆ ಪುಡಿ ಕಚ್ಕೊಳ್ಳಲ್ಲ, ಅತ್ತೆ!"

"ನನಗೇ ಹೇಳಿಕೊಡ್ತೀಯಾ? ಹೋಗಿ ಬಟ್ಟೆ ಒಣಹಾಕು."

ಎಣಿಸಿ ಹತ್ತು ತುಂಡು ತೆಗೆದುಕೊಂಡೆ. ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅದ್ದಿದೆ, ಹೊರಳಿಸಿದೆ. ಸತ್ವ ತಪ್ಪಿಸಿಕೊಳ್ಳದಿರಲೆಂದು ಎರಡೆರಡು ಸಲ! ಪುಡಿ ಮೆತ್ತಿದ ನನ್ನ ಬೆರಳುಗಳೂ ಕರಿಯಲು ತಯಾರಾಗಿದ್ದವು. ಬಾಣಲೆಯಿಂದ ಎದ್ದ ಹೂಕೋಸುಗಳೋ, ಚಿನ್ನದ ಕವಚ ತೊಟ್ಟ ಮಹಾರಾಜರು!

ಗುಬ್ಬಿ ತಟ್ಟೆ ಹಿಡಿದು ನನ್ನ ಕೋಣೆಗೆ ಓಡಿದಳು. ಕರುಂ ಕುರುಂ ಸದ್ದು ಅಡುಗೆಮನೆಯವರೆಗೂ ಕೇಳಿತು. ಐದೇ ನಿಮಿಷ, ತಟ್ಟೆ ಖಾಲಿ!

ಸೊಸೆ ಮೂಗಿನ ಮೇಲೆ ಬೆರಳಿಟ್ಟಳು. ನಾನು ಸುಮ್ಮನಿರುತ್ತೇನೆಯೇ? ಪಕ್ಕದ ಮನೆಯ ಟೀಚರಮ್ಮನಿಗೆ ಕಿಟಕಿಯಿಂದ, ಮಗಳಿಗೆ ಫೋನಿನಲ್ಲಿ ಡಂಗುರ ಸಾರಿದೆ. ಸೊಸೆಯ ಡಬ್ಬಿಗಳನ್ನೆಲ್ಲ ನನಗೆ ಬೇಕಾದ ಹಾಗೆ ಜೋಡಿಸಿದೆ. ರಾಜ್ಯ ಗೆದ್ದ ರಾಣಿಯಂತೆ ಹೋಗಿ ಮಧ್ಯಾಹ್ನದ ನಿದ್ದೆಗೆ ಒರಗಿದೆ. ತುರುಬು ದಿಂಬಿನಾಚೆ ಜಾರಿತು.

ಪಚಕ್!

ಎದ್ದು ದಿಂಬು ಸರಿಸಿ ನೋಡಿದರೆ, ಹೂಕೋಸುಗಳು! ಮೈಮೇಲೆ ಒಂದು ಚೂರು ಪುಡಿಯಿಲ್ಲ. ಆಗತಾನೇ ಮಿಂದು ಎದ್ದ ಹಾಗೆ ಬೆಳ್ಳಗೆ ನಗುತ್ತಿದ್ದವು.

"ಗುಬ್ಬೀ! ಏನೇ ಇದು?"

"ಎಳೆದ ತಕ್ಷಣ ಅಂಗಿ ಕಳಚಿ ಬಂತು, ಅಜ್ಜಿ. ಅಂಗಿ ತುಂಬಾ ಚೆನ್ನಾಗಿತ್ತು! ನಾಳೆ ಒಳಗೆ ಏನೂ ಇಡದೇ ಮಾಡು."

ಬಾಗಿಲಲ್ಲಿ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನೇನು ಅಷ್ಟು ಸುಲಭಕ್ಕೆ ಸೋಲುವವಳೇ? ಒಂದೊಂದಾಗಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಜೀವ ಬಂತು!

"ಒಂಬತ್ತೇ ಇರೋದು! ಒಂದನ್ನಾದ್ರೂ ಮಗು ತಿಂದಿದೆ. ಅಡುಗೆಮನೆಯಲ್ಲಿ ಹತ್ತನೇ ಒಂದು ಪಾಲು ನನ್ನದು!"

ಸೊಸೆ ಹತ್ತಿರ ಬಂದು ಕಣ್ಣೊರೆಸಿಕೊಂಡಳು.

"ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ, ಅತ್ತೆ. ಹತ್ತನೇದು ನಿಮ್ಮ ತುರುಬಲ್ಲಿದೆ."