ರಿಪೇರಿ ಮಾಡಿದ ಓಟುಗಳು

ಬೆಂಗಳೂರಿನ ರೇಡಿಯೊ ಕಾರ್ಖಾನೆಯಲ್ಲಿ ಎಂಟು ವರ್ಷ ಇಂಜಿನಿಯರಾಗಿದ್ದವನು ಯಲ್ಲದಕೆರೆಯ ಪಂಚಾಯಿತಿ ಚುನಾವಣೆಯಲ್ಲಿ ಸೋಲಲು ಕಾರಣವೇ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನೌಕರಿಗೆ ರಾಜೀನಾಮೆ ಬಿಸಾಕಿ ಊರಿಗೆ ಬಂದಾಗ ನನ್ನ ಅಚಲ ನಂಬಿಕೆ ಇದೇ ಆಗಿತ್ತು. ಕರೆಂಟು ಹರಿಯುವ ದಾರಿ ಬಲ್ಲವನಿಗೆ ಸರ್ಕಾರದ ಕೆಲಸ ಹರಿಯುವ ದಾರಿ ತಿಳಿಯದೆ? ಬೀದಿಗೆ ದೀಪ, ಕೇರಿಗೆ ನಲ್ಲಿ ಹಾಕಿಸದೆ ಬಿಡೆನೆಂದು ಶಪಥವನ್ನೂ ಮಾಡಿದೆ. ಹೆಂಡತಿ ಗಿರಿಜೆ ಮಾತ್ರ, ಮೊದಲು ನಮ್ಮ ಮನೆಯ ರೇಡಿಯೊ ನೋಡಿ ಅಂದಳು. ಅದು ಬಾಯಿ ಮುಚ್ಚಿ ತಿಂಗಳಾಗಿತ್ತು. ಲೋಕಸೇವೆಗೆ ಹೊರಟವನಿಗೆ ಮನೆಯ ರೇಡಿಯೊ ಯಾವ ಲೆಕ್ಕ!

ಪ್ರಚಾರಕ್ಕೆ ಹೊರಟ ಮೊದಲ ದಿನವೇ ಕುರಿ ಕಾಯುವ ಕರಿಯಜ್ಜ ಹೆಗಲಿನ ಕಂಬಳಿಯೊಳಗಿಂದ ಒಂದು ಟ್ರಾನ್ಸಿಸ್ಟರ್ ತೆಗೆದ. ಗೊರಗೊರ ಅನ್ನುವುದಷ್ಟೇ ಅದರ ಕಸುಬು. ಒಂದು ತಂತಿಗೆ ಬೆಸುಗೆ ಹಾಕಿದೆ, ಹಾಡಿತು. ಮರುದಿನ ಜಗಲಿಯ ತುಂಬ ರೇಡಿಯೊಗಳು! ಒಂದರೊಳಗೆ ಜಿರಲೆ ಸಂಸಾರ, ಇನ್ನೊಂದರೊಳಗೆ ರಾಗಿ ಹಿಟ್ಟು. ಕರಪತ್ರ ಹಂಚಬೇಕಾದ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತೆ. ಒಂದು ರೇಡಿಯೊ ಹಾಡಿದರೆ ಆ ಮನೆಮಂದಿಯ ಓಟೆಲ್ಲ ನನ್ನದೇ ಎಂದು ನನ್ನ ಎಣಿಕೆ. ವಾಪಸ್ ಕೊಡುವಾಗ ಪ್ರತಿಯೊಬ್ಬರಿಗೂ ಗಂಭೀರವಾಗಿ ಭರವಸೆ ಕೊಟ್ಟೆ: ಗೆಲ್ಲಿಸಿದರೆ ನಿಮ್ಮ ಕೆಲಸಕ್ಕಾಗಿ ದಿನಾ ಬೆಳಗಿನ ಬಸ್ಸಿಗೆ ಹಿರಿಯೂರಿಗೆ ಹೋಗಿ, ಸಂಜೆಯವರೆಗೂ ತಾಲ್ಲೂಕು ಕಚೇರಿಯಲ್ಲೇ ಬಿದ್ದಿರುತ್ತೇನೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಪಾಪ, ಮನಸ್ಸು ತುಂಬಿ ಬಂದಿದೆ ಅಂದುಕೊಂಡೆ.

ನನಗೆ ಬಿದ್ದದ್ದು ಒಂಬತ್ತು ಓಟು.

ಅವಮಾನವೇನೋ ಆಯಿತು, ಆದರೆ ಅದಕ್ಕಿಂತ ಕುತೂಹಲವೇ ಹೆಚ್ಚಾಯಿತು. ಕೆಟ್ಟ ರೇಡಿಯೊದಲ್ಲಿ ದೋಷ ಎಲ್ಲಿದೆ ಎಂದು ಒಂದೊಂದೇ ಜಾಗ ಮುಟ್ಟಿ ನೋಡುವ ಹಾಗೆ ಒಂದೊಂದೇ ಮನೆಗೆ ಹೋಗಿ ವಿಚಾರಿಸಿದೆ. ಎಲ್ಲ ಕಡೆ ಕಾಫಿ ಸಿಕ್ಕಿತು, ಕಾರಣ ಸಿಗಲಿಲ್ಲ. ಕೊನೆಗೆ ಕರಿಯಜ್ಜ ತನ್ನ ಟ್ರಾನ್ಸಿಸ್ಟರಿನ ದನಿ ತಗ್ಗಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ.

“ಬೇಜಾರ್ ಮಾಡ್ಕಬ್ಯಾಡ್ರಿ. ಮೆಂಬರ್ ಆಗಾಕೆ ಊರಾಗೆ ಬೇಕಾದಷ್ಟು ಜನ ಅವ್ರೆ. ನೀವು ಗೆದ್ದು ದಿನಾ ಹಿರಿಯೂರಿಗೆ ಹೋದ್ರೆ, ರೇಡಿಯೊ ಕೆಟ್ಟಾಗ ನಾವು ಯಾರತ್ರ ಹೋಗಾಣ?”

ದೋಷ ಸಿಕ್ಕಿತು. ಅದು ನನ್ನ ಭರವಸೆಯಲ್ಲೇ ಇತ್ತು.

ಮನೆಗೆ ಬಂದು ಗಿರಿಜೆಯ ಎದುರು ಗೋಳು ತೋಡಿಕೊಂಡೆ. ಊರು ಕೈಬಿಟ್ಟರೂ ನೀನು ಬಿಡಲಿಲ್ಲ, ನಿನ್ನದೂ ಸೇರಿ ಒಂಬತ್ತಾದರೂ ಬಂತಲ್ಲ ಅಂದೆ. ಅವಳು ಒಳಗೆ ಹೋಗಿ, ನಮ್ಮ ಮೂಗ ರೇಡಿಯೊ ತಂದು ನನ್ನ ಮುಂದಿಟ್ಟಳು.

“ಆ ಒಂಬತ್ರಾಗೆ ನಂದಿಲ್ಲ. ಈಗ ಪುರುಸೊತ್ತು ಐತಲ್ಲ, ಇದನ್ನ ನೋಡ್ರಿ.”

ಮಾಜಿ ಇಂಜಿನಿಯರ್, ಮಾಜಿ ಅಭ್ಯರ್ಥಿಯಾದ ನಾನು ಬೆಸುಗೆ ಕಡ್ಡಿ ಕಾಯಲಿಟ್ಟೆ.