ಮೇಲ್ಮನೆ ಬಾಡಿಗೆ

ಮನೆ ಕಟ್ಟಿ ಬಾಡಿಗೆಗೆ ಕೊಟ್ಟವನಿಗೆ ಗಾಬರಿ ಅನ್ನೋದು ಒಂದೇ ಸಲಕ್ಕೆ ಆಗಿ ಮುಗಿಯಲ್ಲ, ಕಂತಿನ ಮೇಲೆ ಆಗುತ್ತೆ. ನನಗೆ ಇನ್ನೂ ಕಂತು ಬಾಕಿ ಇದೆ.

ನಾನು ಹಾಸನದಲ್ಲಿ ಐಟಿಐ ಮೇಷ್ಟ್ರು. ಇದ್ದ ಮನೆ ಮೇಲೆ ಸಾಲ ಮಾಡಿ ಇನ್ನೊಂದು ಮನೆ ಎತ್ತಿದೆ. ಮೇಲಿನ ಬಾಡಿಗೆ ಬಂದ್ರೆ ಹತ್ತನೇ ತಾರೀಕು ಬ್ಯಾಂಕಿನ ಕಂತು ಹೋಗುತ್ತೆ, ಬರದಿದ್ರೆ ಇಲ್ಲ. ಮೇಲಕ್ಕೆ ಬಂದೋರು ಒಬ್ಬರೇ, ಸಂಸಾರ ಕಟ್ಟಾಯದ ಕಡೆ ಊರಲ್ಲಿ. ಹಣೆ ತುಂಬ ವಿಭೂತಿ. ಹಾಲು ಉಕ್ಕಿಸಿದ ದಿನ ನನ್ನ ಹೆಂಡತಿ, "ಇಂಥೋರು ಸಿಗೋಕೆ ಪುಣ್ಯ ಮಾಡಿರ್ಬೇಕು ಕಣ್ರೀ" ಅಂದ್ಲು.

ಮೂರು ತಿಂಗಳು ಬಾಡಿಗೆ ಬಂತು. ಆಮೇಲೆ ಪುಣ್ಯ ಖರ್ಚಾಗಿ ಹೋಯ್ತು.

ಒಳ್ಳೇ ದಿನ

ನಾಲ್ಕನೇ ತಿಂಗಳು ಕೇಳೋಕೆ ಮೇಲೆ ಹೋದೆ. "ಸಾ, ಇವತ್ತು ಶುಕ್ರವಾರ. ಲಕ್ಷ್ಮೀನ ಮನೆಯಿಂದ ಆಚೆ ಕಳಿಸಬಾರ್ದು" ಅಂದ್ರು. ಸರಿ ಅನ್ನಿಸ್ತು.

ಶನಿವಾರ ಹೋದೆ. "ಶನಿವಾರ ಕೊಟ್ಟ ದುಡ್ಡು ನಿಮಗೇ ಒಳ್ಳೇದಾಗಲ್ಲ ಸಾ." ಭಾನುವಾರ ಅವರು ಊರಿಗೆ. ಸೋಮವಾರ ಒಪ್ಪೊತ್ತು, ವ್ಯವಹಾರ ಮಾತಾಡಲ್ಲ. ಮಂಗಳವಾರವೂ ಶುಕ್ರವಾರದ ಹಂಗೇ ಅಂತೆ. ಬುಧವಾರ ಸಂಜೆ ಓಡಿ ಹೋದೆ. "ಅಯ್ಯೋ, ಈಗ ತಾನೇ ದೀಪ ಹಚ್ಚಿದೆ, ಇನ್ನು ದುಡ್ಡು ಮುಟ್ಟಂಗಿಲ್ಲ" ಅಂದ್ರು. ಗುರುವಾರ ಬೆಳಗ್ಗೆ ಆರಕ್ಕೇ ಬಾಗಿಲು ತಟ್ಟಿದೆ. ಒದ್ದೆ ತಲೇಲಿ ಬಂದು, "ಸಾ, ಅಮಾವಾಸ್ಯೆ" ಅಂದ್ರು. ಕೆಳಗಿಳಿದು ಕ್ಯಾಲೆಂಡರ್ ನೋಡಿದೆ. ಹೌದು, ಅಮಾವಾಸ್ಯೆ. ಮಾರನೇ ದಿನದಿಂದ ಆಷಾಢ.

"ಎಷ್ಟು ಆಚಾರವಂತರು ನೋಡಿ, ನೀವೂ ಇದೀರ" ಅಂದ್ಲು ನನ್ನ ಹೆಂಡತಿ.

ಐದನೇ ತಿಂಗಳ ಕಂತಿಗೆ ಅವಳ ಎರಡು ಬಳೆ ಅಡ ಇಡಬೇಕಾಯ್ತು. ಅವತ್ತೂ ಶುಕ್ರವಾರವೇ. ಬ್ಯಾಂಕಿನೋರು ದಿನ ಗಿನ ಏನೂ ನೋಡ್ಲಿಲ್ಲ, ಇಸ್ಕೊಂಡ್ರು.

ಬೀಗ ಹಾಕಿದ ಭಾವ

ಬಳೆ ಹೋದ್ಮೇಲೆ ನನಗೆ ಬುದ್ಧಿ ಬಂತು. ತಿಳಿದೋರನ್ನ ಕೇಳೋಣ ಅಂತ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿ ನನ್ನ ಹೆಂಡತಿ ಅಣ್ಣನದು ಒಂದು ಮಳಿಗೆ ಇದೆ, ಕೊಬ್ಬರಿ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟಿದ್ದ. ಅವನೂ ಎಂಟು ತಿಂಗಳಿಂದ ಕೊಟ್ಟಿರಲಿಲ್ಲ.

"ಮೇಷ್ಟ್ರೇ, ನಿಮ್ಮಂಗೆ ಮೆಟ್ಲು ಹತ್ತಿ ಇಳಿಯೋ ಪೈಕಿ ಅಲ್ಲ ನಾನು. ಮಾಲು ಒಳಗಿರೋವಾಗ್ಲೇ ಷಟರ್ ಎಳೆದು ಬೀಗ ಜಡಿದ್ಬುಟ್ಟೆ. ಬತ್ತಾನೆ ಕಾಲಿಗೆ ಬೀಳೋಕೆ" ಅಂದ ಭಾವ.

ವ್ಯಾಪಾರಿ ಬಂದ. ಕಾಲಿಗೆ ಬೀಳಲಿಲ್ಲ. ಭಾವನ ಬೀಗ ಎಳೆದು ನೋಡಿ, ಸಾಲದು ಅಂತ ತನ್ನದೂ ಒಂದು ಬೀಗ ಹಾಕಿ, "ಒಳಗೆ ಲಕ್ಷಾಂತರದ ಮಾಲೈತೆ ಅಣ್ಣ. ಬೀಗ ಹಾಕಿದೋರು ನೀವು, ಹೆಚ್ಚುಕಮ್ಮಿ ಆದ್ರೆ ನೀವೇ ಜವಾಬ್ದಾರಿ" ಅಂತ ಹೇಳಿ ಹೊರಟುಹೋದ. ಅವತ್ತಿಂದ ಭಾವ ದಿನಕ್ಕೆ ಎರಡು ಸಲ ಹೋಗಿ ತನ್ನ ಬೀಗ ತಾನೇ ಎಳೆದು ನೋಡಿ ಬರೋನು. ಇಲಿ ಬೋನೂ ಇಟ್ಟ, ಅವನ ದುಡ್ಡಲ್ಲೇ.

ಮೂರು ತಿಂಗಳಾದ್ಮೇಲೆ ಕೊಬ್ಬರಿ ರೇಟು ಏರ್ತು. ವ್ಯಾಪಾರಿ ಲಾರಿ ತಂದ, ಎರಡು ತಿಂಗಳ ಬಾಡಿಗೆ ಭಾವನ ಕೈಗಿಟ್ಟು ಬೀಗ ತೆಗೆಸಿದ, ಮಾಲು ತುಂಬಿಸಿದ, ಕೈ ಮುಗಿದ.

"ದೊಡ್ಡ ಉಪಕಾರ ಆಯ್ತಣ್ಣ. ಗೋಡೌನಲ್ಲಿ ಇಟ್ಟಿದ್ರೆ ತಿಂಗಳು ತಿಂಗಳು ಬಾಡಿಗೆ ಕಟ್ಬೇಕಿತ್ತು."

ಅಕ್ಕನ ಹಾಲ್ ತುಂಬ ಶುಂಠಿ

ಅರಕಲಗೂಡಲ್ಲಿ ನಮ್ಮಕ್ಕನ ಮನೆ. ಬಾಗಿಲು ತೆಗೆದ್ರೆ ಘಮ್ ಅಂತು. ಹಾಲ್ ತುಂಬ ಶುಂಠಿ ಮೂಟೆ. ಟಿವಿ ಕಾಣಿಸ್ತಿರಲಿಲ್ಲ, ಸುದ್ದಿ ಮಾತ್ರ ಕೇಳಿಸ್ತಿತ್ತು.

"ಬಾಡಿಗೆಯೋನು ದುಡ್ಡಿಲ್ಲ ಅಂದ ಕಣಪ್ಪ. ಬೆಳೆದಿರೋದನ್ನೇ ಕೊಡು ಅಂದ್ಬುಟ್ಟೆ" ಅಂದ್ಲು ಅಕ್ಕ. ಶುಂಠಿ ಕಾಫಿ, ಶುಂಠಿ ತಂಬುಳಿ, ಮಲಗೋವಾಗ ಶುಂಠಿ ಕಷಾಯ. ನನಗೆ ಇಲ್ಲದ ಕೆಮ್ಮೂ ವಾಸಿಯಾಯ್ತು.

ಬೆಳಗ್ಗೆ ಆ ಬಾಡಿಗೆಯೋನೇ ಬಂದ, ಚೀಟಿ ಹಿಡ್ಕೊಂಡು. ಅಷ್ಟೊತ್ತಿಗೆ ಶುಂಠಿ ರೇಟು ಬಿದ್ದುಹೋಗಿತ್ತು. ಅವನು ಮಾತ್ರ ಹೋದ ವರ್ಷದ ರೇಟಲ್ಲೇ ಲೆಕ್ಕ ಹಾಕಿದ್ದ.

"ಬಾಡಿಗೆ ಎಲ್ಲಾ ತೀರಿ ನಿಮ್ದೇ ಆರು ಸಾವಿರ ಬಾಕಿ ಬತ್ತದೆ ಅಕ್ಕಾವ್ರೇ. ಅವಸರ ಇಲ್ಲ, ನಿಧಾನಕ್ಕೆ ಕೊಡಿ."

ಅಕ್ಕ ನನ್ನ ಮುಖ ನೋಡಿದ್ಲು. ನಾನು ಬಸ್ಸಿಗೆ ಹೊತ್ತಾಯ್ತು ಅಂದೆ. ಎರಡು ಕೇಜಿ ಕಟ್ಟಿ ಕೊಟ್ಲು.

ನೀರು ನಿಲ್ಲಿಸಿದ ಗೆಳೆಯ

ಹೊಳೆನರಸೀಪುರದ ಗೆಳೆಯ ಎಲ್ರಿಗಿಂತ ಗಟ್ಟಿಗ. "ಮೇಲಿನ ಮನೆ ನಲ್ಲಿ ಬಂದ್ ಮಾಡ್ಲಾ. ಮೂರು ದಿನಕ್ಕೆ ಗಂಟುಮೂಟೆ ಕಟ್ತಾರೆ. ನಾನೂ ನಿನ್ನೆ ಮಾಡಿವ್ನಿ" ಅಂತ ಮೀಸೆ ತಿರುವಿದ.

ಅವನ ಮಾತು ಮುಗಿಯೋದರೊಳಗೆ ಮೇಲಿನ ಮನೆ ಸಂಸಾರ ಇಳಿದು ಬಂತು. ಐದು ಜನ, ಹೆಗಲ ಮೇಲೆ ಟವೆಲ್ಲು, ಕೈಲಿ ಸೋಪು. "ನಮ್ಮ ನಲ್ಲೀಲಿ ನೀರು ಬತ್ತಿಲ್ಲ. ಇಲ್ಲೇ ಸ್ನಾನ ಮಾಡ್ಕಂಡು ಹೋಗೋದಾ ಅವ್ವಾ?"

ಗೆಳೆಯನ ತಾಯಿ, "ನೀರಿಗೆ ಇಲ್ಲ ಅನ್ನೋಕಾಯ್ತದಾ? ಬನ್ರವ್ವಾ. ಹಂಡೆಗೆ ಉರಿ ಹಾಕ್ಲಾ ಮಗಾ" ಅಂದ್ರು.

ಮಗ ಉರಿ ಹಾಕ್ದ. ಐದೂ ಜನದ್ದು ಆಗೋವಾಗ ಹನ್ನೊಂದು ಗಂಟೆ, ಹಂಡೆ ಖಾಲಿ. ನಾನು ಬಸ್ಸಲ್ಲಿ ಹೊಳೆ ಸೇತುವೆ ದಾಟೋವಾಗ ಕಿಟಕೀಲಿ ನೋಡಿದೆ. ಓನರು ಟವೆಲ್ಲು ಹೆಗಲಿಗೆ ಹಾಕ್ಕೊಂಡು ಹೊಳೆ ಕಡೆ ಇಳೀತಿದ್ದ.

ಕೆಳಗಿನೋರು

ಊರೂರು ಸುತ್ತಿ ಬಂದ್ಮೇಲೆ ಒಂದು ತೀರ್ಮಾನ ಮಾಡಿದೆ: ಬೀಗ ಬೇಡ, ನೀರು ಬೇಡ, ನೇರ ಮಾತು. ಬೆಳಗ್ಗೆ ಮೇಲೆ ಹೋಗಿ ಬಾಗಿಲು ತಟ್ಟಿದೆ. ತೆಗೆದಿದ್ದು ಬೇರೆ ಗಂಡಸು. ಮೂವತ್ತೈದರ ಆಸುಪಾಸು, ದಪ್ಪ ಮೀಸೆ. ಎರಡು ತಿಂಗಳಿಂದ ಮೆಟ್ಲು ಹತ್ತಿ ಇಳಿಯೋದು ನೋಡಿದ್ದೆ. ನಮ್ಮ ಬಾಡಿಗೆಯೋರು "ನಮ್ಮಕ್ಕನ ಮಗ ಸಾ" ಅಂದಿದ್ರು.

"ಬಾಡಿಗೆ ವಿಚಾರ ಮಾತಾಡೋಣ ಅಂತ ಬಂದೆ" ಅಂದೆ.

"ಬಂದ್ರಾ! ಒಳ್ಳೇದಾಯ್ತು. ಕೊಡಿ, ಓನರ್ ಊರಿಂದ ಬಂದ್ಮೇಲೆ ನಾನೇ ಕೊಡ್ತೀನಿ" ಅಂತ ಕೈ ಚಾಚಿದ.

"ಯಾವ ಓನರ್?"

"ಇವ್ರೇ, ವಿಭೂತಿಯೋರು. ನೀವು ಕೆಳಗಿನ ಬಾಡಿಗೆಯೋರಲ್ವಾ? ಐದು ತಿಂಗಳಿಂದ ಕೊಟ್ಟೇ ಇಲ್ವಂತೆ. ವಯಸ್ಸಾದ ಜೀವ ಅಂತ ಅವ್ರು ಗಟ್ಟಿಯಾಗಿ ಕೇಳಲ್ಲ."

ನನಗೆ ಐವತ್ತೆರಡು. ಬಾಡಿಗೆಗಿಂತ ಅದೇ ಜಾಸ್ತಿ ನಾಟ್ತು.

"ನೀವು ಬಾಡಿಗೆ ಕೊಡ್ತೀರಾ?" ಅಂತ ಕೇಳಿದೆ.

"ಒಂದನೇ ತಾರೀಕು ಬೆಳಗ್ಗೇನೇ ಫೋನಲ್ಲಿ ಹಾಕ್ಬಿಡ್ತೀನಿ ಸಾ" ಅಂತ ಫೋನು ತೆಗೆದು ತೋರಿಸಿದ. ನಾನು ಇಟ್ಟಿದ್ದ ಬಾಡಿಗೆಗಿಂತ ಸಾವಿರ ಹೆಚ್ಚು. "ಪಾಪ, ಸಾಲ ಮಾಡಿ ಮನೆ ಕಟ್ಟವ್ರೆ. ಕಂತು ಕಟ್ಟೋಕಾಗ್ದೆ ಹೆಂಡ್ರು ಬಳೆ ಅಡ ಇಟ್ಟವ್ರಂತೆ. ಹೇಳೋವಾಗ ಕಣ್ಣಲ್ಲಿ ನೀರು. ಅಂಥೋರ ಹೊಟ್ಟೆ ಮೇಲೆ ಹೊಡೀಬೇಡಿ ಸಾ."

ಆ ಬಳೆ ನಮ್ಮದು. ಆ ಕಣ್ಣೀರೂ ನಂದೇ, ಅವರ ಮುಂದೆ ನಾನೇ ಹಾಕಿದ್ದು. ಹೇಳೋಕೆ ಹೋದೆ, ಮೊದಲು ಕಣ್ಣು ಒರೆಸ್ಕೋಬೇಕಾಯ್ತು.

ಅವನಿಗೆ ನನ್ನ ಮೇಲೆ ಕನಿಕರ ಬಂತು. "ಬೇಜಾರ್ ಮಾಡ್ಕೋಬೇಡಿ. ಮುಂದಿನ ತಿಂಗಳು ನನ್ನ ಸಂಸಾರ ಬತ್ತದೆ, ಅದಕ್ಕೆ ಕೆಳಗಿನ ಮನೆಗೂ ಅವ್ರಿಗೆ ಅಡ್ವಾನ್ಸ್ ಕೊಟ್ಬಿಟ್ಟಿದೀನಿ. ಹೋಗೋವಾಗ ಗೋಡೆ ಮೊಳೆ ಕೀಳಬೇಡಿ, ಇರ್ಲಿ" ಅಂತ ಬಾಗಿಲು ಹಾಕ್ಕೊಂಡ.

ಮೆಟ್ಲು ಇಳಿದು ಬಂದೆ. ಹೆಂಡತಿ ಬರಿಗೈ ಒರೆಸ್ಕೊಂಡು ಬಾಗಿಲಲ್ಲೇ ನಿಂತಿದ್ಲು.

"ಏನಾಯ್ತು ಮಾತು?"

"ಮೂವತ್ತನೇ ತಾರೀಕೊಳಗೆ ಖಾಲಿ ಮಾಡೋದು ಅಂತ ಆಯ್ತು."

"ಅಬ್ಬಾ, ಕೊನೆಗೂ ಒಪ್ಕೊಂಡ್ರಲ್ಲ!" ಅಂತ ದೇವರ ಮನೆ ಕಡೆ ತಿರುಗಿ ಕೈ ಮುಗಿದ್ಲು.

"ಅವರಲ್ಲ ಕಣೇ" ಅಂದೆ. "ನಾವು."