ಯಿಪ್ ಮಹಾಶಯರ ಮೌನವ್ರತ

"ನಾಳೆ ಒಂದು ಗಂಟೆ ಹೊತ್ತು ನನ್ನ ಬಾಯಿಂದ ಒಂದಕ್ಷರ ಹೊರಬಿದ್ದರೆ ಕೇಳು!" ಎಂದು ಯಿಪ್ ಮಹಾಶಯರು ಹೆಂಡತಿ ಸೌ-ಲಿನ್‌ಗೆ ಘೋಷಿಸಿದರು. ಮಗಳು ಹೋಯ್-ಕಿಯ ಮದುವೆ ಮಾತುಕತೆಗೆ ಹುಡುಗನ ಅಪ್ಪ ಅಮ್ಮ, ಮಾಕ್ ದಂಪತಿ, ಚಹಾ ಹೋಟೆಲಿಗೆ ಬರುವವರಿದ್ದರು.

ಕೊರೆಯುವವರಿಗೆ ಹಾಂಗ್‌ಕಾಂಗಿನ ಜನ ಇಟ್ಟಿರುವ ಹೆಸರು ಒಂದೆರಡಲ್ಲ. ಮಾತು ನಿಲ್ಲಿಸದವನು ‘ಉದ್ದುಸಿರಿನವನು’. ಬಡಾಯಿ ಹರಟೆಯವನು ‘ನೀರೂದುವವನು’. ಇನ್ನೊಬ್ಬರ ಮಾತಿನ ನಡುವೆ ನುಗ್ಗುವವನು ‘ಬಾಯಿ ತೂರಿಸುವವನು’. ಮೂವತ್ತು ವರ್ಷ ಮಿನಿಬಸ್ ಓಡಿಸುತ್ತ, ಕನ್ನಡಿಯಲ್ಲಿ ಪ್ರಯಾಣಿಕರನ್ನು ನೋಡುತ್ತ ಮಾತಾಡಿದ ಮಹಾಶಯರು ಮೂರೂ ಬಿರುದನ್ನು ಒಬ್ಬರೇ ಬಾಚಿಕೊಂಡಿದ್ದರು. ತಮ್ಮ ಬಾಯಿಂದ ಮಗಳ ಸಂಬಂಧ ಮುರಿದೀತೆಂಬ ಭಯ, ಪಾಪ, ಅವರಿಗೇ ಇತ್ತು.

ಮರುದಿನ ಮಾಕ್ ಚಹಾ ಬಗ್ಗಿಸಿದರು. ಮಹಾಶಯರು ಅಲ್ಲಿನ ಪದ್ಧತಿಯಂತೆ ಎರಡು ಬೆರಳಿನಿಂದ ಮೇಜು ತಟ್ಟಿ ವಂದನೆ ಸಲ್ಲಿಸಿದರು. ಆಹಾ, ಬಾಯಿಯ ಕೆಲಸವನ್ನು ಬೆರಳೇ ಮಾಡುತ್ತದಲ್ಲ! ಶ್ರೀಮತಿ ಮಾಕ್ ಮದುವೆ ಯಾವ ತಿಂಗಳು ಇಟ್ಟುಕೊಳ್ಳೋಣ ಎಂದು ಕೇಳಿದರು. ಟಕ್ ಟಕ್. ಚಹಾ ಸಾಲದೇನೋ ಎಂದು ಮಾಕ್ ಗಾಬರಿಯಾಗಿ ಇನ್ನಷ್ಟು ಬಗ್ಗಿಸಿದರು. ಔತಣಕ್ಕೆ ಎಷ್ಟು ಮೇಜು ಹಾಕಿಸೋಣ? ಟಕ್ ಟಕ್. ಮತ್ತೆ ಚಹಾ. ಬಟ್ಟಲು ತುಳುಕಿ ಬಿಸಿ ಚಹಾ ಮಹಾಶಯರ ಪ್ಯಾಂಟಿಗೆ ಇಳಿಯಿತು. ಆಗಲೂ ಅವರು ಕಮಕ್ ಕಿಮಕ್ ಅನ್ನಲಿಲ್ಲ.

ಶ್ರೀಮತಿ ಮಾಕ್ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಅವರ ಕಣ್ಣು ತುಂಬಿತ್ತು.

"ನಮ್ಮ ಹುಡುಗ ನಿಮಗೆ ಹಿಡಿಸಲಿಲ್ಲ ಅಂತ ಕಾಣತ್ತೆ. ನಮ್ಮಪ್ಪಂದು ಉದ್ದುಸಿರು, ಸ್ವಲ್ಪ ತಾಳ್ಮೆಯಿಂದ ಕೇಳಿಸ್ಕೊಳ್ಳಿ ಅಂತ ಹೋಯ್-ಕಿ ಮೊದಲೇ ಹೇಳಿದ್ಲು. ದಾರೀಲಿ ಹೋಗೋರ ಹತ್ರಾನೂ ಮಾತಾಡೋರು ನಮ್ಮ ಹತ್ರ ತುಟಿ ಬಿಚ್ಚಲ್ಲ ಅಂದ್ರೆ..."

ಪಕ್ಕದಲ್ಲೇ ಕೂತಿದ್ದ ಹೋಯ್-ಕಿಯ ಮುಖ ಬಿಳಿಚಿತು. "ಅಪ್ಪಾ, ಏನಾದ್ರೂ ಮಾತಾಡಪ್ಪ" ಎಂದಳು. ಹುಟ್ಟಿದಾಗಿನಿಂದ ಅವಳು ಅವರಲ್ಲಿ ಹಾಗೆ ಬೇಡಿದ್ದೇ ಇಲ್ಲ.

"ಹುಡುಗ ಬಂಗಾರ ಕಣ್ರೀ!" ಎಂದರು ಮಹಾಶಯರು. ಆಮೇಲೆ ಕೇಳಬೇಕೆ! ಹುಡುಗನ ಗುಣದಿಂದ ಹೊರಟ ಮಾತು ಮಿನಿಬಸ್ಸಿನ ಬ್ರೇಕಿನವರೆಗೆ ಓಡಿತು. ಶ್ರೀಮತಿ ಮಾಕ್ ಒಪ್ಪಿಗೆ ಹೇಳಹೊರಟರೆ ಅದರ ನಡುವೆಯೂ ಬಾಯಿ ತೂರಿಸಿದರು. ಸೀಗಡಿ ಕಡುಬು ಬುಟ್ಟಿಯಲ್ಲೇ ಆರಿಹೋಯಿತು. ಮದುವೆ ಮಾತ್ರ ಗಟ್ಟಿಯಾಯಿತು.

ಮನೆಗೆ ಮರಳುವಾಗ ಮಹಾಶಯರು ಎದೆಯುಬ್ಬಿಸಿದರು. "ಏನೇ ಹೇಳು, ಅಷ್ಟು ಹೊತ್ತು ಬಾಯಿ ಕಟ್ಟಿದ್ನಲ್ಲ! ಎಷ್ಟು ನಿಮಿಷ ಆಗಿತ್ತು?"

"ಹನ್ನೊಂದು" ಎಂದರು ಸೌ-ಲಿನ್. "ಅದ್ರಲ್ಲಿ ಎಂಟು ನಿಮಿಷ ನಿಮ್ಮ ಬಾಯಲ್ಲಿ ಕೋಳಿ ಕಾಲಿತ್ತು."